ಶಾಲೆ ಇತ್ತು, ದಾರಿ ಹೇಳುವವರಿರಲಿಲ್ಲ: ವಿಶೇಷ ಮಕ್ಕಳ ಶಿಕ್ಷಣದಲ್ಲಿ ಮಹಿಳೆಯರ ಹೆಜ್ಜೆಗಳು

ನಮ್ಮ ದೊಡ್ಡತ್ತೆಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಕುಂದಾಪುರದ ಹತ್ತಿರದ ನಮ್ಮೂರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಲೇ ಇಲ್ಲ. ಕರೆದರೂ ಕೇಳದಲ್ಲ ಎಂದೋ ಏನೋ, ಎಲ್ಲರಿಗೂ ಅವರು 'ಮೂಗತ್ತೆ'. ಹಪ್ಪಳ ಲಟ್ಟಿಸುವುದರಲ್ಲಿ, ಹೂ ಕಟ್ಟುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ನಮ್ಮಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಗೊತ್ತಾಗುತ್ತಿದ್ದುದು ಅವರಿಗೆ. ಆದರೆ ಒಂದಕ್ಷರ ಬರೆಯಲು ಬರುತ್ತಿರಲಿಲ್ಲ. ನಾವು ಮಕ್ಕಳು ಸ್ಲೇಟಿನ ಮೇಲೆ ಬರೆಯುವಾಗ ಪಕ್ಕದಲ್ಲಿ ಕುಳಿತು ಬಳಪದ ತುದಿಯನ್ನೇ ನೋಡುತ್ತಿದ್ದರು. "ಇವರನ್ನು ಯಾಕೆ ಶಾಲೆಗೆ ಕಳಿಸಲಿಲ್ಲ?" ಎಂದು ಒಮ್ಮೆ ಅಜ್ಜಿಯನ್ನು ಕೇಳಿದಾಗ ಸಿಕ್ಕ ಉತ್ತರ, "ಆ ಕಾಲದಲ್ಲಿ ಇಂಥವರಿಗೆ ಶಾಲೆ ಎಲ್ಲಿತ್ತು ಮಗಾ?"

ಆ ಉತ್ತರವನ್ನು ನಾನು ನಲವತ್ತು ವರ್ಷ ನಂಬಿಕೊಂಡು ಬಂದೆ. ನಿವೃತ್ತಿಯ ನಂತರ ಮುಂಬೈ ಉಪನಗರದ ಒಂದು ಶಾಲೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ನೆರವಾಗುವ ಸ್ವಯಂಸೇವೆಗೆ ಸೇರಿದ ಮೇಲೆ, ಈ ಕೆಲಸದ ಹಿನ್ನೆಲೆಯನ್ನು ಓದತೊಡಗಿದೆ. ಆಗ ಕಣ್ಣಿಗೆ ಬಿದ್ದ ಇಸವಿಗಳು ನನ್ನ ನಿದ್ದೆ ಕೆಡಿಸಿದವು. ದೊಡ್ಡತ್ತೆ ಹುಟ್ಟಿದ್ದು 1930ರ ಆಸುಪಾಸಿನಲ್ಲಿ. ಮುಂಬೈಯಲ್ಲಿ ಕಿವುಡ ಮಕ್ಕಳ ಶಾಲೆ ಆರಂಭವಾದದ್ದು 1885ರಲ್ಲಿ!

ಮೊದಲ ಶಾಲೆಗಳು

ಮುಂಬೈಯ ಆ ಶಾಲೆಯನ್ನು ಆರಂಭಿಸಿದವರು ಕ್ಯಾಥೊಲಿಕ್ ಬಿಷಪ್ ಲಿಯೋ ಮ್ಯೂರಿನ್. ಭಾರತದಲ್ಲಿ ಕಿವುಡ ಮಕ್ಕಳ ಶಿಕ್ಷಣದ ಇತಿಹಾಸ ಬರೆಯುವವರೆಲ್ಲ ಇಲ್ಲಿಂದಲೇ ಶುರುಮಾಡುತ್ತಾರೆ. 1893ರಲ್ಲಿ ಕಲ್ಕತ್ತಾದಲ್ಲಿ ಇಂಥದೇ ಇನ್ನೊಂದು ಶಾಲೆ ಬಂತು. ಅದೇ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಪಾಳಯಂಕೋಟೆಯಲ್ಲಿ ಫ್ಲಾರೆನ್ಸ್ ಸ್ವೇನ್‌ಸನ್ ಎಂಬ ಮಹಿಳೆ ಕಿವುಡ ಮಕ್ಕಳನ್ನು ಕೂಡಿಸಿ ಪಾಠ ಹೇಳತೊಡಗಿದರು.

ಅಂಧ ಮಕ್ಕಳ ವಿಷಯದಲ್ಲಿ ಮೊದಲ ಹೆಜ್ಜೆ ಹೆಣ್ಣುಮಕ್ಕಳದೇ. 1887ರಲ್ಲಿ ಅಮೃತಸರದಲ್ಲಿ ಆನಿ ಶಾರ್ಪ್ ದೇಶದ ಮೊದಲ ಅಂಧರ ಶಾಲೆಯನ್ನು ತೆರೆದರು. ಪಶ್ಚಿಮ ಭಾರತ ಭೀಕರ ಕ್ಷಾಮದಲ್ಲಿ ಬೇಯುತ್ತಿದ್ದ 1900ರಲ್ಲಿ ಮುಂಬೈಯಲ್ಲಿ ಅನ್ನಾ ಮಿಲಾರ್ಡ್ ಅಂಧ ಮಕ್ಕಳಿಗಾಗಿ ಶಾಲೆ ಆರಂಭಿಸಿದರು. ಇವರೆಲ್ಲ ಮಿಷನರಿಗಳು. ಅವರ ಕೆಲಸದ ಹಿಂದೆ ಧರ್ಮಪ್ರಚಾರದ ಉದ್ದೇಶವೂ ಇತ್ತು ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಆ ಮಕ್ಕಳೂ ಕಲಿಯಬಲ್ಲರು ಎಂದು ತೋರಿಸಿಕೊಟ್ಟದ್ದೂ ಅವರೇ.

ನಮ್ಮ ಕನ್ನಡ ನಾಡೂ ಹಿಂದೆ ಬಿದ್ದಿರಲಿಲ್ಲ. 1901ರಲ್ಲಿ ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಆರಂಭವಾಯಿತು. ಗದಗಿನಲ್ಲಿ ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ ಅನ್ನ, ವಸತಿ ಕೊಟ್ಟು ಸಂಗೀತ ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮವನ್ನು ಅರವತ್ತಕ್ಕೂ ಹೆಚ್ಚು ವರ್ಷ ನಡೆಸಿದರು. ಅವರಿಗೂ ಕಣ್ಣಿರಲಿಲ್ಲ. ಕಣ್ಣಿಲ್ಲದವರನ್ನು ಸಮಾಜ ಬೇಡುವವರೆಂದು ನೋಡುತ್ತಿದ್ದ ಕಾಲದಲ್ಲಿ ಗದಗಿನ ಮಕ್ಕಳು ವೇದಿಕೆ ಏರಿ ಹಾಡಿದರು, ಗುರುಗಳಾದರು.

ಈಗ ನಮ್ಮ ದೊಡ್ಡತ್ತೆಯ ಕಡೆ ನೋಡಿ. ಅವರಿಗೆ ಆರೇಳು ವರ್ಷವಾದಾಗ ಮೈಸೂರಿನಲ್ಲಿ ಶಾಲೆ ಇತ್ತು, ಪಾಳಯಂಕೋಟೆಯಲ್ಲಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅಜ್ಜನ ತಮ್ಮ ಆಗಲೇ ಮುಂಬೈಗೆ ಬಂದು ಮಾಟುಂಗಾದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ವರ್ಷಕ್ಕೊಮ್ಮೆ ಊರಿಗೆ ಹೋಗುತ್ತಿದ್ದರು, ಬಟ್ಟೆ ಒಯ್ಯುತ್ತಿದ್ದರು, ಖರ್ಜೂರ ಒಯ್ಯುತ್ತಿದ್ದರು. ಅಂಥ ಶಾಲೆಯೊಂದು ಇದೇ ಊರಿನಲ್ಲಿದೆ ಎಂಬ ಸುದ್ದಿಯನ್ನು ಮಾತ್ರ ಒಯ್ಯಲಿಲ್ಲ. ಅವರಿಗೇ ಅದು ತಿಳಿದಿರಲಿಲ್ಲ. ತಿಳಿದಿದ್ದರೂ ಹೆಣ್ಣುಮಗುವನ್ನು ಅಷ್ಟು ದೂರ ಕಳಿಸುತ್ತಿದ್ದರೋ ಇಲ್ಲವೋ, ಅದು ಬೇರೆ ಪ್ರಶ್ನೆ. ಆದರೆ ಅಜ್ಜಿ ಹೇಳಿದಂತೆ ಶಾಲೆ ಇರಲಿಲ್ಲವೆಂಬುದು ನಿಜವಲ್ಲ. ಶಾಲೆಗೂ ಮನೆಗೂ ನಡುವೆ ದಾರಿ ಹೇಳುವ ಮನುಷ್ಯರಿರಲಿಲ್ಲ.

ಅಮ್ಮಂದಿರು ಕಟ್ಟಿದ ಶಾಲೆಗಳು

1940ರ ದಶಕದಿಂದ ಈ ಕಥೆಗೆ ಹೊಸ ತಿರುವು ಸಿಗುತ್ತದೆ. ಮಿಷನರಿಗಳ ಜಾಗಕ್ಕೆ ಅಮ್ಮಂದಿರು ಬರುತ್ತಾರೆ. ಮುಂಬೈಯ ಪಾರ್ಸಿ ಮಹಿಳೆ ಜಯ್ ವಕೀಲ್ ಅವರ ಮಗಳು ದೀನಾಳಿಗೆ ಡೌನ್ ಸಿಂಡ್ರೋಮ್ ಇತ್ತು. ಆಕೆಯನ್ನು ಸೇರಿಸಿಕೊಳ್ಳುವ ಶಾಲೆ ಇಲ್ಲವಾದಾಗ 1944ರಲ್ಲಿ ಅವರೇ ಶಾಲೆ ತೆರೆದರು. ಇಂದಿಗೂ ಶಿವಡಿಯಲ್ಲಿ ಆ ಸಂಸ್ಥೆ ನಡೆಯುತ್ತಿದೆ. ಆ ರಸ್ತೆಯಲ್ಲಿ ಓಡಾಡುವ ನಮ್ಮಲ್ಲಿ ಎಷ್ಟೋ ಮಂದಿಗೆ ಅದು ಒಂದು ಮಗುವಿಗಾಗಿ ಹುಟ್ಟಿದ ಶಾಲೆ ಎಂದು ಗೊತ್ತಿಲ್ಲ.

ಅದೇ ಹೊತ್ತಿಗೆ ಮುಂಬೈಯ ಫಾತೆಮಾ ಇಸ್ಮಾಯಿಲ್ ಅವರ ಪುಟ್ಟ ಮಗಳಿಗೆ ಪೋಲಿಯೊ ತಗುಲಿತು. ಅವರು ಮಗಳನ್ನು ಕರೆದುಕೊಂಡು ಮದ್ರಾಸಿನ ಮೂಳೆತಜ್ಞ ಡಾ. ಎಂ.ಜಿ. ಕಿಣಿಯವರ ಬಳಿಗೆ ಹೋದರು. ಮಗು ಚೇತರಿಸಿಕೊಳ್ಳತೊಡಗಿದಾಗ ಅವರಿಗೆ ಹೊಳೆದದ್ದು ಒಂದೇ ಮಾತು: ಮದ್ರಾಸಿಗೆ ಹೋಗಲಾರದ ತಾಯಂದಿರ ಗತಿಯೇನು? 1947ರಲ್ಲಿ, ದೇಶ ಸ್ವತಂತ್ರವಾದ ವರ್ಷವೇ, ಮುಂಬೈಯಲ್ಲಿ ಪೋಲಿಯೊ ಮಕ್ಕಳ ಚಿಕಿತ್ಸಾ ಕೇಂದ್ರವನ್ನು ತೆರೆದರು.

1952ರಲ್ಲಿ ಮುಂಬೈಯಲ್ಲಿ ನ್ಯಾಷನಲ್ ಅಸೋಸಿಯೇಷನ್ ಫಾರ್ ದ ಬ್ಲೈಂಡ್ ಹುಟ್ಟಿತು. 1955ರಲ್ಲಿ ಹೆಲೆನ್ ಕೆಲ್ಲರ್ ಭಾರತಕ್ಕೆ ಬಂದರು. ಕಣ್ಣು, ಕಿವಿ ಎರಡೂ ಇಲ್ಲದ ಆ ಹೆಂಗಸು ಪದವೀಧರೆ, ಲೇಖಕಿ ಎಂಬುದನ್ನು ಕಣ್ಣಾರೆ ಕಂಡವರು ತಮ್ಮ ಮನೆಯ ಮಕ್ಕಳ ಬಗ್ಗೆ ಬೇರೆಯಾಗಿ ಯೋಚಿಸಿರಲಿಕ್ಕೆ ಸಾಕು.

ಬೆಂಗಳೂರಿನಲ್ಲಿ 1959ರಲ್ಲಿ ಎನ್.ಎಸ್. ಹೇಮಾ ಅವರು ಅಂಗವಿಕಲರ ಸಂಘವೊಂದನ್ನು ಕಟ್ಟಿದರು. ಅವರು ಪೋಲಿಯೊದಿಂದ ನಡೆಯಲಾಗದವರು. ನೆರವು ಪಡೆಯಬೇಕಾದವಳು ಎಂದು ಎಲ್ಲರೂ ಭಾವಿಸಿದ್ದ ಹೆಣ್ಣುಮಗಳೇ ನೆರವು ನೀಡುವ ಸಂಸ್ಥೆ ಕಟ್ಟಿದ ಉದಾಹರಣೆ ಇದು. ಅದೇ ಇಂದಿನ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ.

ಇನ್ನು 1972. ಮಿಥು ಆಲೂರ್ ಅವರ ಮಗಳು ಮಾಲಿನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ಹಾನಿಯಿಂದ ಅಂಗಾಂಗಗಳ ಮೇಲೆ ಹಿಡಿತ ಕಡಿಮೆಯಾಗುವ ಸ್ಥಿತಿ. ಬುದ್ಧಿಗೆ ಕೊರತೆಯಿಲ್ಲ, ಮಾತು ಮತ್ತು ಕೈಕಾಲು ಹೇಳಿದಂತೆ ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಮಗಳು ಕಲಿಯುವುದನ್ನು ಕಂಡಿದ್ದ ಆಕೆ, ಇಲ್ಲಿಗೆ ಬಂದಾಗ ತಕ್ಕ ಶಾಲೆ ಕಾಣದೆ, ಅಕ್ಟೋಬರ್ 2ರಂದು ಕೊಲಾಬಾದಲ್ಲಿ ಮೂರು ಮಕ್ಕಳೊಂದಿಗೆ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಆರಂಭಿಸಿದರು. ನಟಿ ನರ್ಗಿಸ್ ದತ್ ಅದರ ಮೊದಲ ಪೋಷಕಿಯಾದರು. ಮಾಲಿನಿ ಮುಂದೆ ಸೇಂಟ್ ಝೇವಿಯರ್ಸ್ ಕಾಲೇಜಿನಿಂದ ಪದವಿ ಪಡೆದರು. ಒಂದೇ ಬೆರಳಿನಿಂದ ಟೈಪ್ ಮಾಡಿ ಆತ್ಮಕಥೆ ಬರೆದರು. 'ಒನ್ ಲಿಟಲ್ ಫಿಂಗರ್' ಎಂದೇ ಅದರ ಹೆಸರು.

ಆ ಮೂರು ಮಕ್ಕಳ ಶಾಲೆಯಿಂದ ಹೊತ್ತಿದ ದೀಪ ಬೇರೆ ಊರುಗಳಿಗೂ ಹೋಯಿತು. ಕಲ್ಕತ್ತಾದಲ್ಲಿ 1974ರಲ್ಲಿ, ಬೆಂಗಳೂರಿನಲ್ಲಿ 1980ರಲ್ಲಿ, ಚೆನ್ನೈಯಲ್ಲಿ 1985ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿಗಳು ಬಂದವು. ಚೆನ್ನೈಯದು ಈಗ 'ವಿದ್ಯಾಸಾಗರ್', ಅದನ್ನು ಕಟ್ಟಿದ ಪೂನಂ ನಟರಾಜನ್ ಕೂಡ ಇಂಥ ಮಗುವಿನ ತಾಯಿ. ದಿಲ್ಲಿಯಲ್ಲಿ 1981ರಲ್ಲಿ ಉಮಾ ತುಲಿ 'ಅಮರ್ ಜ್ಯೋತಿ' ಶುರುಮಾಡಿ, ಅಂಗವೈಕಲ್ಯ ಇರುವ ಮತ್ತು ಇಲ್ಲದ ಮಕ್ಕಳನ್ನು ಸಮಸಂಖ್ಯೆಯಲ್ಲಿ ಒಂದೇ ತರಗತಿಯಲ್ಲಿ ಕೂರಿಸಿದರು. ಆಟಿಸಂ ಎಂಬ ಪದವೇ ನಮ್ಮಲ್ಲಿ ಅಪರಿಚಿತವಾಗಿದ್ದ 1991ರಲ್ಲಿ, ದಿಲ್ಲಿಯ ಮೆರ್ರಿ ಬರುವಾ ತಮ್ಮ ಮಗನಿಗಾಗಿ ಹುಡುಕುತ್ತ ಹುಡುಕುತ್ತ 'ಆಕ್ಷನ್ ಫಾರ್ ಆಟಿಸಂ' ಹುಟ್ಟುಹಾಕಿದರು.

"ಹೆತ್ತವರಿಗೆ ಹೆಗ್ಗಣ ಮುದ್ದು" ಎಂಬ ಗಾದೆಯನ್ನು ನಾವು ಗೇಲಿಗೆ ಬಳಸುತ್ತೇವೆ. ಈ ಅಮ್ಮಂದಿರ ಸಾಲನ್ನು ನೋಡಿದ ಮೇಲೆ ನನಗೆ ಆ ಗಾದೆ ಹೇಳಲು ಬಾಯಿ ಬರುವುದಿಲ್ಲ.

ನಮ್ಮ ಮಕ್ಕಳ ಬಾಲವಾಡಿಗೆ ಬಂದ ಉಡುಗೊರೆ

ವಿಶೇಷ ಮಕ್ಕಳಿಗಾಗಿ ನಾವು ಏನೋ ಉಪಕಾರ ಮಾಡುತ್ತಿದ್ದೇವೆ ಎಂಬ ಭಾವನೆ ಇದ್ದರೆ ಇದನ್ನೂ ತಿಳಿಯಬೇಕು. ಮಾಂಟೆಸ್ಸರಿ ಪದ್ಧತಿ ಎಲ್ಲಿಂದ ಬಂತು? ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ 1900ರ ಸುಮಾರಿಗೆ ರೋಮಿನಲ್ಲಿ, ಬುದ್ಧಿಮಾಂದ್ಯರೆಂದು ಸಮಾಜ ಕೈಬಿಟ್ಟಿದ್ದ ಮಕ್ಕಳ ಜೊತೆ ಕೆಲಸ ಮಾಡಿದರು. ಫ್ರಾನ್ಸಿನ ಇಟಾರ್ ಮತ್ತು ಸೆಗೆನ್ ಎಂಬಿಬ್ಬರು ಅದಕ್ಕೂ ಮೊದಲು ಇಂಥ ಮಕ್ಕಳಿಗಾಗಿ ರೂಪಿಸಿದ್ದ ವಿಧಾನಗಳನ್ನು ಬೆಳೆಸಿದರು. ಈ ಮಕ್ಕಳು ಕಲಿತದ್ದನ್ನು ಕಂಡ ಮೇಲೆ, 1907ರಲ್ಲಿ ಅದನ್ನು ಇತರ ಮಕ್ಕಳಿಗೂ ತಂದರು. 1939ರಲ್ಲಿ ಅವರು ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧದ ವರ್ಷಗಳನ್ನೆಲ್ಲ ಭಾರತದಲ್ಲೇ ಕಳೆದು ನೂರಾರು ಶಿಕ್ಷಕಿಯರಿಗೆ ತರಬೇತಿ ಕೊಟ್ಟರು. ನಮ್ಮ ಮೊಮ್ಮಕ್ಕಳು ಬಾಲವಾಡಿಯಲ್ಲಿ ಮರಳುಕಾಗದದ ಅಕ್ಷರದ ಮೇಲೆ ಬೆರಳಾಡಿಸುವಾಗ, ಆ ದಾರಿಯನ್ನು ಮೊದಲು ನಡೆದವರು ವಿಶೇಷ ಮಕ್ಕಳು ಎಂಬುದನ್ನು ನೆನೆಯಬೇಕು.

ಇನ್ನೊಂದು ಸಂಗತಿ ಹೊರನಾಡ ಕನ್ನಡಿಗರಾದ ನಮಗೆ ವಿಶೇಷ ಸಂತೋಷ ಕೊಡುವಂಥದ್ದು. ಬ್ರೈಲ್ ಎಂದರೆ ಆರು ಚುಕ್ಕಿಗಳ ಲಿಪಿ. ಹಿಂದೆ ನಮ್ಮ ದೇಶದಲ್ಲಿ ಊರಿಗೊಂದು ಬಗೆಯ ಬ್ರೈಲ್ ಬಳಕೆಯಲ್ಲಿತ್ತು. 1951ರಲ್ಲಿ ಎಲ್ಲ ಭಾರತೀಯ ಭಾಷೆಗಳಿಗೂ ಒಂದೇ ಆಧಾರದ 'ಭಾರತೀ ಬ್ರೈಲ್' ಜಾರಿಗೆ ಬಂತು. ಕನ್ನಡದ 'ಕ', ಮರಾಠಿಯ 'ಕ', ತಮಿಳು ತೆಲುಗಿನ 'ಕ' ಎಲ್ಲವೂ ಅದೇ ಎರಡು ಚುಕ್ಕಿ. ಕಣ್ಣಿರುವ ನಾವು ನಾಲ್ಕು ಲಿಪಿ ಕಲಿಯಲು ಒದ್ದಾಡುತ್ತೇವೆ. ಬೆರಳಿನಿಂದ ಓದುವ ಮಗುವಿಗೆ ಅಕ್ಷರಗಳ ಮಟ್ಟಿಗಾದರೂ ಭಾಷೆಯ ಗಡಿ ಇಲ್ಲ.

ದಾನದಿಂದ ಹಕ್ಕಿನೆಡೆಗೆ

ಇಷ್ಟು ಕಾಲ ನಡೆದದ್ದು ಒಬ್ಬೊಬ್ಬರ ಛಲದಿಂದ. ಸರಕಾರ ಮೆಲ್ಲಗೆ ಹೆಜ್ಜೆ ಹಾಕಿತು. 1964–66ರ ಕೊಠಾರಿ ಆಯೋಗ ಈ ಮಕ್ಕಳನ್ನೂ ಸಾಮಾನ್ಯ ಶಾಲೆಗಳಲ್ಲಿ ಸೇರಿಸಿಕೊಳ್ಳಬೇಕೆಂದಿತು. 1974ರಲ್ಲಿ ಕೇಂದ್ರ ಸರಕಾರ ಅದಕ್ಕಾಗಿ ಯೋಜನೆ ತಂದಿತು. 1984ರಲ್ಲಿ ಸಿಕಂದರಾಬಾದಿನಲ್ಲಿ ಬುದ್ಧಿಮಾಂದ್ಯ ಮಕ್ಕಳಿಗಾಗಿ ರಾಷ್ಟ್ರೀಯ ಸಂಸ್ಥೆ ಸ್ಥಾಪನೆಯಾಯಿತು. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯ ನಂತರ ವಿಶೇಷ ಶಿಕ್ಷಕರಿಗೆ ಮಾನ್ಯ ತರಬೇತಿ ಮತ್ತು ನೋಂದಣಿ ಕಡ್ಡಾಯವಾಯಿತು. 1995ರಲ್ಲಿ ಅಂಗವಿಕಲರ ಕಾಯ್ದೆ, 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಬಂದವು. 2016ರ ಹೊಸ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವೆಂದು ಪ್ರಮಾಣಪತ್ರವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಈಗ ಹಕ್ಕು.

ನಮ್ಮ ಮಾತೂ ಬದಲಾಯಿತು. ಕುಂಟ, ಮೂಗ, ಪೆದ್ದ ಎಂಬ ಮಾತುಗಳು ಹೋಗಿ ಅಂಗವಿಕಲ, ಆಮೇಲೆ ವಿಕಲಚೇತನ, ವಿಶೇಷಚೇತನ ಎಂಬ ಪದಗಳು ಬಂದವು. ಪದ ಬದಲಾದರೆ ಸಾಲದು ನಿಜ. ಆದರೆ ಹೆಸರೇ ಹೋಗಿ 'ಮೂಗತ್ತೆ' ಆದವರನ್ನು ಕಂಡವಳಾಗಿ ಹೇಳುತ್ತೇನೆ, ಪದ ಬದಲಾಗುವುದು ಸಣ್ಣ ಸಂಗತಿಯೂ ಅಲ್ಲ.

ಕೈ ಹಿಂದಕ್ಕೆ

ಹಾಗಾದರೆ ಕಾಯ್ದೆ ಇದೆ, ತರಬೇತಾದ ಶಿಕ್ಷಕಿಯರಿದ್ದಾರೆ, ನಮ್ಮಂಥ ಸ್ವಯಂಸೇವಕಿಯರಿಗೆ ಅಲ್ಲೇನು ಕೆಲಸ? ಶಾಲೆಗೆ ಹೋದ ಮೊದಲ ವಾರವೇ ನನಗೆ ಪಾಠವಾಯಿತು.

ಮೂರನೆಯ ತರಗತಿಯ ಒಬ್ಬ ಹುಡುಗನ ಪಕ್ಕದಲ್ಲಿ ಕೂರಲು ನನಗೆ ಹೇಳಿದ್ದರು. ಸೆರೆಬ್ರಲ್ ಪಾಲ್ಸಿ ಇದ್ದ ಅವನು ದಪ್ಪ ಪೆನ್ಸಿಲು ಹಿಡಿದು ಒಂದು ಪದ ಬರೆಯಲು ಐದು ನಿಮಿಷ ತೆಗೆದುಕೊಳ್ಳುತ್ತಿದ್ದ. ಉಳಿದವರು ಬರೆದು ಮುಗಿಸಿದ್ದರು. ನನಗೆ ತಡೆಯಲಾಗಲಿಲ್ಲ. ಅವನ ಕೈಯ ಮೇಲೆ ಕೈಯಿಟ್ಟು ಪೂರ್ತಿ ಸಾಲು ಬರೆಸಿಬಿಟ್ಟೆ. ಅಕ್ಷರ ಮುದ್ದಾಗಿ ಬಂತು. ನಾನು ಹೆಮ್ಮೆಯಿಂದ ಶಿಕ್ಷಕಿಯ ಕಡೆ ನೋಡಿದೆ. ಅವರು ನಗುತ್ತಲೇ ಮರಾಠಿಯಲ್ಲಿ ಹೇಳಿದರು, "ಮದತ್ ಕರಾ ತಾಯಿ, ಪಣ್ ತ್ಯಾಚ್ಯಾಸಾಠಿ ಲಿಹೂ ನಕಾ." ಸಹಾಯ ಮಾಡಿ, ಆದರೆ ಅವನ ಬದಲು ನೀವು ಬರೆಯಬೇಡಿ. ಹುಡುಗ ನನ್ನನ್ನು ನೋಡಲಿಲ್ಲ. ರಬ್ಬರು ತೆಗೆದುಕೊಂಡು ನಾನು ಬರೆಸಿದ್ದನ್ನು ನಿಧಾನವಾಗಿ ಅಳಿಸಿದ.

ಆ ರಬ್ಬರಿನ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ದೊಡ್ಡತ್ತೆಗೆ ಯಾರೂ ಏನೂ ಕಲಿಸಲಿಲ್ಲ. ನಾನು ಈ ಹುಡುಗನಿಂದ ಅವನು ಕಲಿಯುತ್ತಿದ್ದುದನ್ನೇ ಕಿತ್ತುಕೊಳ್ಳಲು ಹೊರಟಿದ್ದೆ. ಎರಡೂ ಒಂದೇ ನಂಬಿಕೆಯಿಂದ ಹುಟ್ಟಿದ್ದು: ಇವರಿಂದ ಆಗದು ಎಂಬ ನಂಬಿಕೆ.

ಅಂದಿನಿಂದ ನನ್ನ ಕೆಲಸ ಬದಲಾಯಿತು. ಪುಸ್ತಕ ಜಾರದಂತೆ ಅಂಟುಪಟ್ಟಿ ಹಾಕುವುದು. ಸಾಲಿನ ನಡುವೆ ಜಾಗ ಹೆಚ್ಚಿರುವ ಹಾಳೆ ತಯಾರಿಸುವುದು. ಹತ್ತು ಪದದ ಬದಲು ನಾಲ್ಕು ಪದ ಸಾಕೇ ಎಂದು ಶಿಕ್ಷಕಿಯನ್ನು ಕೇಳುವುದು. ಆಟದ ಹೊತ್ತಿನಲ್ಲಿ ಅವನು ಒಂಟಿಯಾಗದಂತೆ ಇಬ್ಬರು ಗೆಳೆಯರನ್ನು ಜೊತೆಗೂಡಿಸಿ ನಾನು ದೂರ ಸರಿಯುವುದು. ಕಾಯುವುದು. ಎಲ್ಲಕ್ಕಿಂತ ಕಷ್ಟವಾದದ್ದು ಕಾಯುವುದೇ. ಆ ವರ್ಷದ ಕೊನೆಗೆ ಅವನು ತನ್ನ ಹೆಸರನ್ನು ಪೂರ್ತಿಯಾಗಿ ಬರೆದ. ಅಕ್ಷರಗಳು ಸೊಟ್ಟಗಿದ್ದವು, ಸಾಲಿನಿಂದ ಕೆಳಗೆ ಇಳಿದಿದ್ದವು. ಅದನ್ನು ಅಳಿಸಲಿಲ್ಲ.

ಪರೀಕ್ಷೆಯಲ್ಲಿ ಲಿಪಿಕಾರರಾಗುವುದು ಬೇರೆ ಕೆಲಸ. ಅಲ್ಲಿ ವಿದ್ಯಾರ್ಥಿ ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು, ತಪ್ಪಿದ್ದರೂ ತಿದ್ದಕೂಡದು. 2013ರ ಕೇಂದ್ರ ಸರಕಾರದ ಮಾರ್ಗಸೂಚಿಯಂತೆ ಅಂಥ ವಿದ್ಯಾರ್ಥಿಗೆ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ. 2018ರ ತಿದ್ದುಪಡಿಯಂತೆ, ವಿದ್ಯಾರ್ಥಿ ತಾನೇ ಲಿಪಿಕಾರರನ್ನು ಕರೆತಂದರೆ ಅವರ ಓದು ವಿದ್ಯಾರ್ಥಿಯ ಓದಿಗಿಂತ ಒಂದು ಹಂತ ಕಡಿಮೆ ಇರಬೇಕಾಗಿತ್ತು. ಆದ್ದರಿಂದ ಪದವೀಧರೆಯರಾದ ನಮಗಿಂತ ನಮ್ಮ ಮನೆಯ ಕಾಲೇಜು ಮಕ್ಕಳೇ ಇದಕ್ಕೆ ಹೆಚ್ಚು ಉಪಯೋಗಕ್ಕೆ ಬರುತ್ತಿದ್ದರು.

ಸೇರಬಯಸುವವರಿಗೆ

ನಮ್ಮ ಸಂಘದ ಸೋದರಿಯರಲ್ಲಿ ಈ ಕೆಲಸಕ್ಕೆ ಬರಬೇಕೆನ್ನುವವರಿಗೆ ಅನುಭವದ ನಾಲ್ಕು ಮಾತು. ಮೊದಲನೆಯದು, ವಾರಕ್ಕೆ ಎರಡು ಗಂಟೆ ಸಾಕು, ಆದರೆ ತಪ್ಪಿಸಬಾರದು. ಅದರಲ್ಲೂ ಆಟಿಸಂ ಇರುವ ಮಗುವಿಗೆ ದಿನಚರಿ ಏರುಪೇರಾಗುವುದು ದೊಡ್ಡ ಕಷ್ಟ, ಹೇಳದೆ ಕೇಳದೆ ಮಾಯವಾಗುವ ಸ್ವಯಂಸೇವಕಿಗಿಂತ ಬಾರದವಳೇ ಮೇಲು. ಎರಡನೆಯದು, ಮೊದಲ ತಿಂಗಳು ನೋಡಿ ಕಲಿಯಿರಿ. ನಾವು ಶಿಕ್ಷಕಿಯರಲ್ಲ, ಚಿಕಿತ್ಸಕರೂ ಅಲ್ಲ. ವ್ಯಾಯಾಮ ಮಾಡಿಸುವುದು, ಔಷಧಿ ಕೊಡುವುದು, "ಇದಕ್ಕೆ ಆಯುರ್ವೇದದಲ್ಲಿ ಮದ್ದಿದೆ" ಎಂದು ತಾಯಂದಿರಿಗೆ ಹೇಳುವುದು ನಮ್ಮ ಕೆಲಸವಲ್ಲ. ಮೂರನೆಯದು, ಶಾಲೆ ನಿಮ್ಮ ಗುರುತಿನ ಚೀಟಿ ಕೇಳಿದರೆ, ಪೊಲೀಸ್ ಪರಿಶೀಲನೆ ಬೇಕೆಂದರೆ ಬೇಸರಪಡಬೇಡಿ. ಅದು ಮಗುವಿನ ಸುರಕ್ಷತೆಗೆ. ಮಗುವಿನ ಫೋಟೋ ತೆಗೆದು ವಾಟ್ಸಾಪಿಗೆ ಹಾಕಲೇಬೇಡಿ. ನಾಲ್ಕನೆಯದು, ಆ ಶಾಲೆಯ ಭಾಷೆಯನ್ನು ನಾಲ್ಕು ಮಾತಾದರೂ ಕಲಿಯಿರಿ. ಮನೆಯಲ್ಲಿ ಕನ್ನಡ ಮಾತಾಡುವ ಮಗು ಸಿಕ್ಕರೆ ಮಾತ್ರ ಕನ್ನಡದಲ್ಲೇ ಮಾತಾಡಿಸಿ. ಹೊರನಾಡಿನ ತರಗತಿಯಲ್ಲಿ ಆ ಮಗುವಿಗೆ ಅದೊಂದು ಹಬ್ಬ.

ಇದರಲ್ಲಿ ಆಸಕ್ತಿ ಬೆಳೆದು ಮುಂದೆ ವೃತ್ತಿಯಾಗಿ ಮಾಡಬೇಕೆನ್ನುವ ತರುಣಿಯರು ಪುನರ್ವಸತಿ ಪರಿಷತ್ತಿನ ಮಾನ್ಯತೆಯಿರುವ ವಿಶೇಷ ಶಿಕ್ಷಣದ ಡಿಪ್ಲೊಮಾ ಅಥವಾ ಬಿ.ಎಡ್. ಮಾಡಬೇಕು. ಅದಕ್ಕೆ ಮೊದಲು ಒಂದು ವರ್ಷ ಸ್ವಯಂಸೇವೆ ಮಾಡಿದರೆ ಈ ಕೆಲಸ ತಮಗೆ ಒಗ್ಗುತ್ತದೆಯೇ ಎಂದು ತಿಳಿಯುತ್ತದೆ.

ಶಾಲೆಗೆ ಹೋಗಲಾಗದವರಿಗೂ ಒಂದು ಕೆಲಸವಿದೆ. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದಾರೆ. ಅವರಲ್ಲಿ ಕೆಲವರು ನಮ್ಮದೇ ಕಟ್ಟಡಗಳಲ್ಲಿ, ನಮ್ಮದೇ ನೆಂಟರ ಮನೆಗಳಲ್ಲಿ ಇದ್ದಾರೆ. ಅವರ ಮನೆಯವರಿಗೆ ಹತ್ತಿರದ ಶಾಲೆ ಯಾವುದು, ಪ್ರಮಾಣಪತ್ರ ಎಲ್ಲಿ ಸಿಗುತ್ತದೆ, ಪರೀಕ್ಷೆಯಲ್ಲಿ ಏನು ಸೌಲಭ್ಯವಿದೆ ಎಂದು ಹೇಳಬೇಕು. ನಾಗಪಂಚಮಿಗೋ ದೀಪಾವಳಿಗೋ ಊರಿಗೆ ಹೋಗುವಾಗ ಸೀರೆ, ಸಿಹಿಯ ಜೊತೆಗೆ ಆ ಸುದ್ದಿಯನ್ನೂ ಒಯ್ಯಬೇಕು.

ದೊಡ್ಡತ್ತೆ ತೀರಿಕೊಂಡು ಇಪ್ಪತ್ತು ವರ್ಷಗಳಾದವು. ಅವರ ಹೆಸರು ಲಕ್ಷ್ಮಿ. ಅದನ್ನು ಅವರು ಒಮ್ಮೆಯೂ ಬರೆಯಲಿಲ್ಲ, ಆದ್ದರಿಂದ ಇಲ್ಲಿ ನಾನು ಬರೆದಿದ್ದೇನೆ.